ಪ್ರಶ್ನೆಯ ಗುಟ್ಟು ಕಾಯುವವರಾರು?

ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಕೇಂದ್ರ ಸಚಿವ ಸಂಪುಟವು 2023ರ ಏಪ್ರಿಲ್‌ನಲ್ಲಿ ಒಪ್ಪಿಗೆ ನೀಡಿದಾಗ ಅದಕ್ಕೆ ನಿಗದಿಪಡಿಸಿದ ಮೊತ್ತ 6,003.65 ಕೋಟಿ ರೂಪಾಯಿ. ಎರಡು ಸಾವಿರ ಕಿಲೋಮೀಟರ್ ಅಂತರದ ನಗರಗಳ ನಡುವೆ, ಕದ್ದಾಲಿಸಿದರೆ ಸಿಕ್ಕಿಬೀಳುವಂತಹ ಸಂಪರ್ಕ ಕಲ್ಪಿಸುವುದು ಅದರ ಗುರಿಗಳಲ್ಲೊಂದು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2021ರಲ್ಲೇ ತಮ್ಮ ಆವರಣದ ಎರಡು ಕಟ್ಟಡಗಳ ನಡುವೆ ಬೆಳಕಿನ ಕಣಗಳ ಮೂಲಕ ಗೂಢಲಿಪಿಯ ಕೀಲಿಯನ್ನು ಹಂಚಿ ತೋರಿಸಿದ್ದರು. ಈ ಪ್ರಯತ್ನಗಳೆಲ್ಲ ಎದುರಿಸುತ್ತಿರುವುದು ದಾರಿಯಲ್ಲಿ ಹೊಂಚುಹಾಕುವ ಮೂರನೆಯವನನ್ನು. ಸಾಮಾನ್ಯ ನಾಗರಿಕನ ಗುಟ್ಟಾದರೋ ಹೆಚ್ಚಾಗಿ ಬಯಲಾಗುವುದು ಅವನು ಪ್ರಶ್ನೆ ಕೇಳಲು ಹೋದ ಮನೆಯಲ್ಲೇ.

ಇದಕ್ಕೆ ಹಳೆಯದಾದರೂ ಮರೆಯಲಾಗದ ನಿದರ್ಶನವೊಂದಿದೆ. ಅಮೆರಿಕದ ಎಒಎಲ್ ಕಂಪೆನಿಯು 2006ರ ಆಗಸ್ಟ್‌ನಲ್ಲಿ ಸುಮಾರು 6.5 ಲಕ್ಷ ಬಳಕೆದಾರರು ಮೂರು ತಿಂಗಳಲ್ಲಿ ನಡೆಸಿದ್ದ ಸುಮಾರು 2 ಕೋಟಿ ಹುಡುಕಾಟಗಳ ಪಟ್ಟಿಯನ್ನು ಸಂಶೋಧಕರ ಅನುಕೂಲಕ್ಕೆಂದು ಪ್ರಕಟಿಸಿತು. ಹೆಸರುಗಳನ್ನು ಅಳಿಸಿ ಬರೀ ಸಂಖ್ಯೆ ನೀಡಲಾಗಿತ್ತು. ಆದರೂ ಕೆಲವೇ ದಿನಗಳಲ್ಲಿ ಪತ್ರಿಕೆಯೊಂದು, ಕೇವಲ ಹುಡುಕಿದ ಪದಗಳನ್ನು ಪೋಣಿಸಿ, ಒಬ್ಬ ವೃದ್ಧೆಯ ಮನೆ ಬಾಗಿಲು ತಟ್ಟಿತು. ಕಂಪೆನಿ ಕ್ಷಮೆ ಕೇಳಿತು, ಪಟ್ಟಿಯನ್ನು ಹಿಂತೆಗೆಯಿತು. ಅಷ್ಟರಲ್ಲಿ ಅದು ಜಗತ್ತಿನಾದ್ಯಂತ ನಕಲಾಗಿತ್ತು. ಇಲ್ಲಿ ಯಾರೂ ತಂತಿಗೆ ಕನ್ನ ಹಾಕಿರಲಿಲ್ಲ.

ಉತ್ತರ ಕೊಡುವವನಿಗೇ ಪ್ರಶ್ನೆ ತಿಳಿಯದಂತೆ ಮಾಡಲು ಸಾಧ್ಯವೇ? ಕೇಳಲು ವಿಚಿತ್ರವೆನಿಸಿದರೂ ಗಣಿತಜ್ಞರು ಈ ಸಮಸ್ಯೆಯನ್ನು ಗಂಭೀರವಾಗಿ ಪರಿಗಣಿಸಿ ಮೂರು ದಶಕಗಳಾದವು. ಅತ್ಯಂತ ಸರಳ ಉಪಾಯವೆಂದರೆ ಇಡೀ ಮಾಹಿತಿ ಭಂಡಾರವನ್ನೇ ಮನೆಗೆ ತರಿಸಿಕೊಳ್ಳುವುದು. ಒಂದು ಪುಟಕ್ಕಾಗಿ ಗ್ರಂಥಾಲಯವನ್ನೇ ಹೊತ್ತು ತಂದಂತೆ. ಭಂಡಾರ ಒಂದೇ ಕಡೆ ಇದ್ದು, ಗೋಪ್ಯತೆ ಸಂಪೂರ್ಣವಾಗಿರಬೇಕೆಂದರೆ ಇದಕ್ಕಿಂತ ಅಗ್ಗದ ದಾರಿಯಿಲ್ಲವೆಂದು 1995ರಲ್ಲಿ ಬೆನ್ನಿ ಚೋರ್, ಓಡೆಡ್ ಗೋಲ್ಡ್‌ರೈಕ್, ಎಯಾಲ್ ಕುಶಿಲೆವಿಟ್ಸ್ ಮತ್ತು ಮಧು ಸುಡಾನ್ ತೋರಿಸಿದರು. ಪರಸ್ಪರ ಮಾತನಾಡದ ಎರಡು ಭಂಡಾರಗಳಿದ್ದರೆ ಮಾತ್ರ ಕಡಿಮೆ ಮಾಹಿತಿಯಲ್ಲಿ ಕೆಲಸ ಮುಗಿಸಬಹುದು. ಆದರೆ ಮಾಹಿತಿಯನ್ನು ಮಾರಿ ಬದುಕುವ ಭಂಡಾರದ ಒಡೆಯನು ಎಲ್ಲವನ್ನೂ ಒಂದೇ ಬಾರಿಗೆ ಏಕೆ ಕೊಟ್ಟಾನು? ಅವನಿಗೂ ಒಂದು ಗುಟ್ಟಿದೆ: ಕೇಳಿದ್ದಕ್ಕಿಂತ ಹೆಚ್ಚು ಸೋರಿ ಹೋಗಬಾರದು. ಎರಡೂ ಕಡೆಯ ಗುಟ್ಟನ್ನು ಏಕಕಾಲಕ್ಕೆ ಕಾಯಬೇಕಾದ ಈ ಹಂತದಲ್ಲೇ ಕ್ವಾಂಟಮ್ ವಿಜ್ಞಾನ ರಂಗಪ್ರವೇಶ ಮಾಡುತ್ತದೆ.

2008ರಲ್ಲಿ ವಿಟ್ಟೋರಿಯೊ ಜೊವಾನೆಟ್ಟಿ, ಸೇತ್ ಲಾಯ್ಡ್ ಮತ್ತು ಲೊರೆಂಜೊ ಮಕ್ಕೋನೆ ಮೊದಲ ಕ್ವಾಂಟಮ್ ವಿಧಾನವನ್ನು ಮುಂದಿಟ್ಟರು. ಪ್ರಾಯೋಗಿಕವಾಗಿ ಹೆಚ್ಚು ಭರವಸೆ ಹುಟ್ಟಿಸಿದ್ದು 2011ರಲ್ಲಿ ಜಿನೀವಾದ ನಿಕೊಲಾಸ್ ಜಿಸಾನ್ ಮತ್ತು ಸಂಗಡಿಗರು ಪ್ರಕಟಿಸಿದ ಯೋಜನೆ. ಅದರ ಜಾಣ್ಮೆ ಹೀಗಿದೆ. ಭಂಡಾರದ ಒಡೆಯನು ಬೆಳಕಿನ ಕಣಗಳ ಸರಣಿಯೊಂದನ್ನು ಗ್ರಾಹಕನಿಗೆ ಕಳುಹಿಸುತ್ತಾನೆ. ಅದರಲ್ಲಿ ಅಡಗಿರುವ ಕೀಲಿ ಒಡೆಯನಿಗೆ ಪೂರ್ತಿಯಾಗಿ ತಿಳಿದಿರುತ್ತದೆ, ಗ್ರಾಹಕನಿಗೆ ಖಚಿತವಾಗಿ ತಿಳಿಯುವುದು ಸರಿಸುಮಾರು ಕಾಲು ಭಾಗ ಮಾತ್ರ. ಯಾವ ಕಾಲು ಭಾಗ ಎಂಬುದು ಒಡೆಯನಿಗೆ ಗೊತ್ತಾಗದು. ಇಂತಹ ಆರು ಸರಣಿಗಳನ್ನು ಒಂದರೊಡನೊಂದು ಕೂಡಿಸಿದರೆ ಗ್ರಾಹಕನ ತಿಳಿವು ಕಾಲಿನ ಕಾಲಿನಂತೆ ಕುಗ್ಗುತ್ತಾ 4,096ರಲ್ಲಿ ಒಂದಕ್ಕೆ ಇಳಿಯುತ್ತದೆ. ಹತ್ತು ಸಾವಿರ ನಮೂದುಗಳ ಭಂಡಾರವಾದರೆ ಅವನ ಕೈಗೆ ಸಿಗುವುದು ಸರಾಸರಿ ಎರಡೋ ಮೂರೋ ಕೀಲಿಗಳು. ತನ್ನಲ್ಲಿರುವ ಕೀಲಿ ತನಗೆ ಬೇಕಾದ ನಮೂದಿಗೆ ಹೊಂದುವಂತೆ ಇಡೀ ಸರಣಿಯನ್ನು ಇಷ್ಟು ಸ್ಥಾನ ಸರಿಸಿ ಎಂದಷ್ಟೇ ಆತ ಹೇಳುತ್ತಾನೆ. ಒಡೆಯನು ಸರಿಸಿದ ಕೀಲಿಯಿಂದ ಇಡೀ ಭಂಡಾರಕ್ಕೆ ಬೀಗ ಹಾಕಿ ಕಳುಹಿಸುತ್ತಾನೆ. ಗ್ರಾಹಕ ತನಗೆ ಬೇಕಾದ ಬೀಗ ತೆರೆದುಕೊಳ್ಳುತ್ತಾನೆ. ಯಾವುದು ತೆರೆಯಿತೆಂಬುದು ಒಡೆಯನಿಗೆ ಕಾಣದು.

ಒಡೆಯನು ಕಣಗಳನ್ನು ತಿರುಚಿ ಇಣುಕಿ ನೋಡಬಾರದೇಕೆ? ನೋಡಬಹುದು. ಆದರೆ ಗ್ರಾಹಕನ ಬಳಿ ಯಾವ ಕೀಲಿಯಿದೆ ಎಂದು ತಿಳಿಯಹೊರಟರೆ ಆ ಕೀಲಿಯ ಬೆಲೆಯೇನೆಂಬುದು ಅವನ ಕೈತಪ್ಪುತ್ತದೆ. ಪರಿಣಾಮವಾಗಿ ಗ್ರಾಹಕನಿಗೆ ತಪ್ಪು ಉತ್ತರಗಳು ತಲುಪುತ್ತವೆ, ವಂಚನೆ ಇಂದಲ್ಲ ನಾಳೆ ಬಯಲಾಗುತ್ತದೆ. ಗಮನಿಸಬೇಕಾದ ಅಂಶವಿದು. ವಂಚನೆಯನ್ನು ಈ ವಿಧಾನ ಅಸಾಧ್ಯವಾಗಿಸುವುದಿಲ್ಲ, ಅಪಾಯಕಾರಿಯಾಗಿಸುತ್ತದೆ. ಇದು ಯಂತ್ರಗಳ ಕೊರತೆಯೂ ಅಲ್ಲ. ಎರಡೂ ಕಡೆಯವರಿಗೆ ಪರಿಪೂರ್ಣ ರಕ್ಷಣೆ ಕೊಡುವ ಇಂತಹ ವ್ಯವಹಾರ ಕ್ವಾಂಟಮ್ ನಿಯಮಗಳಡಿಯೂ ಸಾಧ್ಯವಿಲ್ಲವೆಂದು ಹೊಯ್-ಕ್ವಾಂಗ್ ಲೋ 1997ರಲ್ಲೇ ಸಾಧಿಸಿದ್ದಾರೆ. 'ಭೇದಿಸಲಾಗದ ಕ್ವಾಂಟಮ್ ಕವಚ' ಎಂಬ ಮಾರುಕಟ್ಟೆಯ ಘೋಷಣೆಗಳನ್ನು ಓದುವಾಗ ಈ ಮಾತು ನೆನಪಿನಲ್ಲಿರುವುದು ಒಳಿತು.

ಪ್ರಯೋಗಾಲಯದಾಚೆಗೂ ಈ ವಿಧಾನ ಕೆಲಸ ಮಾಡೀತೆಂಬುದನ್ನು ಕೆನಡಾದ ಕ್ಯಾಲ್ಗರಿ ನಗರದಲ್ಲಿ ನೆಲದಡಿ ಹಾಕಲಾಗಿದ್ದ ಆಪ್ಟಿಕಲ್ ಫೈಬರ್ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಪ್ರಯೋಗ ತೋರಿಸಿತು. ಆದರೆ ಲೆಕ್ಕ ಕಠಿಣವಾಗಿದೆ. ಮೇಲಿನ ಹತ್ತು ಸಾವಿರ ನಮೂದುಗಳ ಉದಾಹರಣೆಯಲ್ಲೇ ಕನಿಷ್ಠ 60 ಸಾವಿರ ಕಣಗಳು ಗ್ರಾಹಕನ ಉಪಕರಣಕ್ಕೆ ದಕ್ಕಬೇಕು. ಒಂದೊಂದು ನಮೂದೂ ಸೊನ್ನೆ ಅಥವಾ ಒಂದು ಎಂಬಷ್ಟೇ ಚಿಕ್ಕದು. ಭಂಡಾರವಂತೂ ಹೇಗಿದ್ದರೂ ಪೂರ್ತಿಯಾಗಿ, ಬೀಗ ಹಾಕಿಕೊಂಡು, ಪ್ರಯಾಣ ಮಾಡಲೇಬೇಕು. ಕೋಟಿಗಟ್ಟಲೆ ಪುಟಗಳ ಸರ್ಚ್ ಎಂಜಿನ್‌ಗೆ ಇದು ಹೊಂದುವ ಮಾತಲ್ಲ. ಪೇಟೆಂಟ್ ಪಟ್ಟಿಯಲ್ಲಿ ಪ್ರತಿಸ್ಪರ್ಧಿಗೆ ಸುಳಿವು ಸಿಗದಂತೆ ಹುಡುಕಬೇಕಾದ ಔಷಧ ಕಂಪೆನಿಗೆ, ವಂಶವಾಹಿ ದಾಖಲೆಗಳನ್ನು ಪರಿಶೀಲಿಸುವ ಆಸ್ಪತ್ರೆಗೆ ಒಂದು ದಿನ ಹೊಂದಿಕೊಂಡೀತು.

ಈ ನಡುವೆ ಸಾಮಾನ್ಯ ಕಂಪ್ಯೂಟರುಗಳ ಗಣಿತವೂ ಸುಮ್ಮನೆ ಕುಳಿತಿಲ್ಲ. ಆ್ಯಪಲ್ 2024ರಲ್ಲಿ ಐಫೋನ್‌ಗೆ ತಂದ ಕರೆ ಗುರುತಿಸುವ ಸೌಲಭ್ಯದಲ್ಲಿ, ಯಾವ ಸಂಖ್ಯೆಯ ಬಗ್ಗೆ ವಿಚಾರಿಸಲಾಗುತ್ತಿದೆ ಎಂಬುದು ಉತ್ತರ ನೀಡುವ ಸರ್ವರ್‌ಗೆ ತಿಳಿಯುವುದಿಲ್ಲ. ಅದಕ್ಕೆ ಫೋಟಾನ್ ಬೇಕಿಲ್ಲ, ಪ್ರತ್ಯೇಕ ಫೈಬರ್ ಬೇಕಿಲ್ಲ. ಅದರ ಭದ್ರತೆ ನಿಂತಿರುವುದು ಕ್ವಾಂಟಮ್ ಕಂಪ್ಯೂಟರಿಗೂ ಬಗೆಹರಿಯದೆಂದು ಸದ್ಯಕ್ಕೆ ನಂಬಲಾದ ಗಣಿತದ ಮೇಲೆ. ಅಂದರೆ ಹುಡುಕಾಟವನ್ನು ಮುಚ್ಚಿಡುವ ಉಪಾಯ ಈಗಾಗಲೇ ಜೇಬಿನಲ್ಲಿದೆ. ಹುಡುಕಾಟಗಳನ್ನು ಓದಿ ಜಾಹೀರಾತು ಮಾರುವ ಕಂಪೆನಿಗಳಿಗೆ ಅದನ್ನು ಬಳಸುವ ಮನಸ್ಸಿಲ್ಲದಿದ್ದರೆ ಕ್ವಾಂಟಮ್ ಉಪಕರಣ ಬಂದರೂ ಮನಸ್ಸು ಬಂದೀತೆಂದು ನಂಬಲು ಕಾರಣವಿಲ್ಲ. ಒತ್ತಾಯಿಸಬೇಕಾದದ್ದು ಕಾನೂನು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದರ ಬೆನ್ನಿಗೆ ಬರಬೇಕಿದ್ದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದದ್ದು ಆರು ವರ್ಷಗಳ ನಂತರ, 2023ರಲ್ಲಿ. ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಹೊಣೆಗಾರಿಕೆಗಳಿಗೆ ಮತ್ತೆ ಹದಿನೆಂಟು ತಿಂಗಳ ಕಾಲಾವಕಾಶ ನೀಡಲಾಗಿದೆ. ಕಾಯ್ದೆಯು ಸಂಗ್ರಹವಾದ ಮಾಹಿತಿಯನ್ನು ಜೋಪಾನ ಮಾಡಲು ಹೇಳುತ್ತದೆ. ಅದೇ ನಿಯಮಗಳು ವೈಯಕ್ತಿಕ ಮಾಹಿತಿಯನ್ನೂ ಅದರ ಬಳಕೆಯ ದಾಖಲೆಗಳನ್ನೂ ಕನಿಷ್ಠ ಒಂದು ವರ್ಷ ಉಳಿಸಿಕೊಳ್ಳಬೇಕೆಂದು ಕಂಪೆನಿಗಳಿಗೆ ವಿಧಿಸುತ್ತವೆ. ರಾಜ್ಯದ ಭದ್ರತೆಯಂತಹ ಕಾರಣಗಳಿಗೆ ಸರ್ಕಾರ ಅವನ್ನು ಕೇಳಬಹುದು. ಒಂದು ಕಡೆ, ಕೇಳಿದ ಪ್ರಶ್ನೆಯ ಕುರುಹೇ ಉಳಿಯದ ತಂತ್ರಜ್ಞಾನಕ್ಕೆ ಬೇಕಾದ ಸಂಶೋಧನೆಗೆ ಸಾರ್ವಜನಿಕ ಹಣ ಹರಿಯುತ್ತಿದೆ. ಇನ್ನೊಂದು ಕಡೆ, ಕುರುಹನ್ನು ಒಂದು ವರ್ಷ ಕಾಪಿಡಬೇಕೆಂಬ ನಿಯಮವಿದೆ. ಪ್ರಶ್ನೆಯೇ ತಿಳಿಯದ ಭಂಡಾರದ ಒಡೆಯನು ಯಾವ ದಾಖಲೆ ಉಳಿಸಿಕೊಳ್ಳಬೇಕೆಂಬುದಕ್ಕೆ ಆ ನಿಯಮಗಳಲ್ಲಿ ಉತ್ತರವಿಲ್ಲ.