ಆರೋಗ್ಯ ವಿಮೆ: ಕ್ಲೇಮುಗಳು ತಿರಸ್ಕೃತವಾಗುವುದೇಕೆ?

ಹೆಲ್ಸಿಂಗ್‌ಬೋರ್ಯ್‌ನಲ್ಲಿ ವೈದ್ಯನಾಗಿರುವ ನನ್ನನ್ನು ಇಲ್ಲಿನ ಕನ್ನಡಿಗರು ಊರಿನಲ್ಲಿರುವ ತಂದೆತಾಯಿಯರ ವಿಮೆಯ ಬಗ್ಗೆ ಆಗಾಗ ಕೇಳುತ್ತಾರೆ. ಕಾಯಿಲೆ ನಿಜ, ಬಿಲ್ಲು ನಿಜ, ಕಂತೂ ಕಟ್ಟಿದೆ. ಆದರೂ ಕ್ಲೇಮು ತಿರಸ್ಕೃತವಾದದ್ದೇಕೆ? ವೈದ್ಯರು ಬರೆಯುವುದು ಚಿಕಿತ್ಸೆಗಾಗಿ; ವಿಮಾ ಸಂಸ್ಥೆ ಅದನ್ನು ಓದುವುದು ತನ್ನ ಷರತ್ತುಗಳ ಕಣ್ಣಿನಿಂದ. ಬಹಳಷ್ಟು ತಿರಸ್ಕಾರಗಳು ಹುಟ್ಟುವುದು ಈ ಅಂತರದಲ್ಲಿ.

ಸ್ವೀಡನ್ನಿನಲ್ಲಿ ಆಸ್ಪತ್ರೆಯ ವೆಚ್ಚವನ್ನು ಬಹುಪಾಲು ತೆರಿಗೆಯೇ ಭರಿಸುತ್ತದೆ. ಆದರೆ ತಿರಸ್ಕಾರ ಇಲ್ಲೂ ಉಂಟು. ದೀರ್ಘಕಾಲ ಕೆಲಸಕ್ಕೆ ಹೋಗಲಾಗದವರಿಗೆ ಅನಾರೋಗ್ಯ ಭತ್ಯೆ ನೀಡುವುದು ಫೋರ್‌ಸೇಕ್ರಿಂಗ್ಸ್‌ಕಾಸ್ಸನ್ ಎಂಬ ಸಾಮಾಜಿಕ ವಿಮಾ ಸಂಸ್ಥೆ. ಪ್ರಮಾಣಪತ್ರ ನಮ್ಮದು, ನಿರ್ಧಾರ ಅದರದು. ಅಲ್ಲಿ ಕಾಯಿಲೆಯ ಹೆಸರಷ್ಟೇ ಸಾಲದು. ದೇಹದ ಯಾವ ಸಾಮರ್ಥ್ಯ ಕುಂದಿದೆ, ಅದರಿಂದ ಯಾವ ಕೆಲಸ ಆಗದು ಎಂಬುದನ್ನೂ ಬರೆಯಬೇಕು. 2008ರ ಜುಲೈನಲ್ಲಿ ಬಂದ ನಿಯಮದಂತೆ ಮೊದಲ 90 ದಿನ ಎಂದಿನ ಕೆಲಸವೇ ಅಳತೆಗೋಲು. ಅನಂತರ ಅದೇ ಮಾಲೀಕರಲ್ಲಿರುವ ಬೇರೆ ಕೆಲಸ. 180 ದಿನಗಳಾದ ಮೇಲೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ನಾಡಿನಲ್ಲಿ ಸಾಮಾನ್ಯವಾಗಿ ದೊರೆಯುವ ಯಾವುದೇ ಕೆಲಸ. ರೋಗ ಹಾಗೆಯೇ ಇದ್ದರೂ ಪ್ರಶ್ನೆ ಬದಲಾಗುತ್ತದೆ.

ಕರ್ನಾಟಕದ ಖಾಸಗಿ ವಿಮೆಯಲ್ಲಿ ಪ್ರಶ್ನೆಗಳು ಬೇರೆ, ತರ್ಕ ಒಂದೇ. ಕಾಯಿಲೆ ಪಾಲಿಸಿಗೆ ಮೊದಲೇ ಇತ್ತೇ? ಅರ್ಜಿಯಲ್ಲಿ ತಿಳಿಸಿತ್ತೇ? ಕಾಯುವ ಅವಧಿ ಮುಗಿದಿದೆಯೇ? ಆಸ್ಪತ್ರೆಗೆ ದಾಖಲಾಗುವ ಅಗತ್ಯವಿತ್ತೇ? ಡಿಸ್ಚಾರ್ಜ್ ಸಾರಾಂಶದಲ್ಲಿ ‘ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ’ ಎಂದು ಅಂದಾಜಿನಿಂದ ಬರೆದ ಒಂದು ಸಾಲು, ಎರಡು ವರ್ಷದ ಪಾಲಿಸಿಯ ಕ್ಲೇಮನ್ನು ಕೆಡವಬಲ್ಲದು.

2024ರಲ್ಲಿ ಭಾರತದ ವಿಮಾ ನಿಯಂತ್ರಣ ಪ್ರಾಧಿಕಾರವು ಪೂರ್ವಕಾಯಿಲೆಗಳಿಗೆ ಕಾಯುವ ಗರಿಷ್ಠ ಅವಧಿಯನ್ನು ನಾಲ್ಕರಿಂದ ಮೂರು ವರ್ಷಕ್ಕೆ ಇಳಿಸಿತು. 60 ತಿಂಗಳು ಎಡೆಬಿಡದೆ ನಡೆದ ಪಾಲಿಸಿಯಲ್ಲಿ, ಸಾಬೀತಾದ ವಂಚನೆಯ ಹೊರತು, ಮಾಹಿತಿ ಮುಚ್ಚಿಟ್ಟರೆಂಬ ಕಾರಣ ನಿಲ್ಲದು. ಕ್ಲೇಮು ತಿರಸ್ಕರಿಸಲು ಕಂಪನಿಯ ಪರಿಶೀಲನಾ ಸಮಿತಿಯ ಒಪ್ಪಿಗೆ ಬೇಕು. ಯಾವ ಷರತ್ತಿನಡಿ ಎಂಬುದನ್ನೂ ತಿಳಿಸಬೇಕು.

ಆದ್ದರಿಂದ ತಿರಸ್ಕಾರದ ಪತ್ರವೇ ಕೊನೆಯ ಮಾತಲ್ಲ. ಅದರಲ್ಲಿ ಹೇಳಿದ ಷರತ್ತನ್ನು ಓದಿ, ಆ ಪ್ರಶ್ನೆಗೇ ನೇರವಾಗಿ ಉತ್ತರಿಸುವ ಪತ್ರವನ್ನು ಚಿಕಿತ್ಸೆ ನೀಡಿದ ವೈದ್ಯರಿಂದ ಪಡೆದು ಕಂಪನಿಗೆ ಲಿಖಿತ ದೂರು ಕೊಡಬೇಕು. ಅಲ್ಲಿ ನ್ಯಾಯ ಸಿಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ, ಶುಲ್ಕವಿಲ್ಲದೆ, ದೂರಬಹುದು. ಸ್ವೀಡನ್ನಿನಲ್ಲಿ ಮರುಪರಿಶೀಲನೆ ಕೋರಲು ಎರಡು ತಿಂಗಳ ಗಡುವು.

ಇದೆಲ್ಲಕ್ಕೂ ಮೊದಲು ಮಾಡಬೇಕಾದದ್ದು ಒಂದಿದೆ. ದೂರದಿಂದ ಅರ್ಜಿ ತುಂಬುವ ಮಕ್ಕಳು ಅಪ್ಪ ಅಮ್ಮ ನುಂಗುವ ಪ್ರತಿಯೊಂದು ಮಾತ್ರೆಯನ್ನೂ ಕೇಳಿ ತಿಳಿದು ಅದರಲ್ಲಿ ಬರೆಯಲಿ. ಕಂತು ತುಸು ಹೆಚ್ಚಾದೀತು. ಆಸ್ಪತ್ರೆಯ ಬಾಗಿಲಲ್ಲಿ ಪರದಾಡುವುದು ತಪ್ಪೀತು.