ಭಾಷೆ ಹೋದ ಮೇಲೆ ಉಳಿಯುವುದೇನು?

‘ಭಾಷೆ ಹೋದರೇನಂತೆ, ಸಂಸ್ಕೃತಿ ಉಳಿದರೆ ಸಾಲದೆ?’ ಎಂದು ಕೇಳುವ ವಿದ್ಯಾವಂತರು ಈಚೆಗೆ ಹೆಚ್ಚುತ್ತಿದ್ದಾರೆ. ಊಟ, ಉಡುಪು, ಹಬ್ಬ, ಕುಣಿತಗಳಿದ್ದರೆ ಪರಂಪರೆ ಇದ್ದಂತೆಯೇ ಎಂಬುದು ಅವರ ಸಿದ್ಧಾಂತ. ಕಡಲಾಚೆ ಹೋಗಿ ನೆಲಸಿದವರ ವಿಷಯ ಬಂದಾಗಲಂತೂ ಇದನ್ನು ಪ್ರಶ್ನಿಸುವವರೇ ಇಲ್ಲ. ನಾನು ಈ ಮಾತನ್ನು ಒಪ್ಪಲಾರೆ. ಇದನ್ನು ಒರೆಗೆ ಹಚ್ಚಿ ನೋಡಲು ಫಿನ್ಲೆಂಡಿನ ಜನರ ಚರಿತ್ರೆಗಿಂತ ಒಳ್ಳೆಯ ಒರೆಗಲ್ಲು ಸಿಗಲಾರದು. ಒಂದೇ ಜನ ತಾಯ್ನಾಡಿನಲ್ಲಿ ತಮ್ಮ ಭಾಷೆಯನ್ನು ಗಳಿಸಿಕೊಂಡರು. ಅಮೆರಿಕದಲ್ಲಿ ಅದನ್ನೇ ಕಳೆದುಕೊಂಡರು.

ಗಳಿಸಿಕೊಂಡರು ಎಂದು ಬೇಕೆಂದೇ ಹೇಳಿದ್ದೇನೆ. ಫಿನ್ಲೆಂಡು ಶತಮಾನಗಳ ಕಾಲ ಸ್ವೀಡನ್ನಿನ ಅಧೀನದಲ್ಲಿತ್ತು. 1809ರಿಂದ ರಷ್ಯದ ಚಕ್ರವರ್ತಿಯ ಕೈಗೆ ಬಂತು. ಕಚೇರಿಯಲ್ಲಿಯೂ ಕಾಲೇಜಿನಲ್ಲಿಯೂ ಸ್ವೀಡಿಷ್ ಭಾಷೆ. ಫಿನ್ನಿಷ್ ಉಳುವವರ ಮಾತು. ಫಿನ್ನಿಷ್ ಸಾಹಿತ್ಯ ಪರಿಷತ್ತು ಹುಟ್ಟಿದ್ದು 1831ರಲ್ಲಿ. ವೈದ್ಯನಾಗಿದ್ದ ಎಲಿಯಾಸ್ ಲ್ಯೋನ್ರೊಟ್ ಹಳ್ಳಿಗರು ಹಾಡುತ್ತಿದ್ದ ಪದಗಳನ್ನು ಕಲೆಹಾಕಿ 1835ರಲ್ಲಿ ‘ಕಾಲೆವಾಲ’ವನ್ನು ಪ್ರಕಟಿಸಿದ. 1849ರಲ್ಲಿ ಅದೇ ಕಾವ್ಯ ಐವತ್ತು ಸಂಧಿಗಳಾಗಿ ಬೆಳೆಯಿತು. ಆದರೆ ಕಾವ್ಯವನ್ನು ಮೆಚ್ಚಿ ಕಪಾಟಿನಲ್ಲಿಟ್ಟು ಅವರು ಸುಮ್ಮನೆ ಕೂಡಲಿಲ್ಲ. 1858ರಲ್ಲಿ ಯುವಾಸ್ಕುಲ ಎಂಬ ಊರಿನಲ್ಲಿ ಫಿನ್ನಿಷ್ ಮಾಧ್ಯಮದ ಪ್ರೌಢಶಾಲೆ ಆರಂಭವಾಯಿತು. 1863ರಲ್ಲಿ ಅಲ್ಲೇ ಉಪಾಧ್ಯಾಯರ ಶಿಕ್ಷಣಶಾಲೆ ಬಂತು. ಅದೇ ವರ್ಷದ ರಾಜಾಜ್ಞೆ, ಇಪ್ಪತ್ತು ವರ್ಷಗಳೊಳಗೆ ಫಿನ್ನಿಷ್ ಜನರ ವ್ಯವಹಾರಗಳಲ್ಲಿ ಅವರ ಭಾಷೆಗೆ ಸ್ವೀಡಿಷಿನ ಸಮಾನ ಸ್ಥಾನ ಸಲ್ಲಬೇಕೆಂದು ವಿಧಿಸಿತು.

ಈ ದಾರಿ ಹೂವಿನ ಹಾಸಿಗೆಯೇನೂ ಆಗಿರಲಿಲ್ಲ. ಅಲೆಕ್ಸಿಸ್ ಕಿವಿ 1870ರಲ್ಲಿ ‘ಏಳು ಮಂದಿ ಅಣ್ಣತಮ್ಮಂದಿರು’ ಎಂಬ ಕಾದಂಬರಿಯನ್ನು ಹೊರತಂದಾಗ ಅದರ ಮೇಲೆ ಹರಿಹಾಯ್ದವನು ಸ್ವೀಡಿಷ್ ಅಭಿಮಾನಿಯಲ್ಲ, ಫಿನ್ನಿಷ್ ಭಾಷೆಯ ಪ್ರಾಧ್ಯಾಪಕನೇ ಆದ ಆಲ್‌ಕ್ವಿಸ್ಟ್! ಕಿವಿ ಎರಡೇ ವರ್ಷಗಳಲ್ಲಿ ತೀರಿಕೊಂಡ. ಭಾಷೆ ಕಲಿಸಿ ಹೊಟ್ಟೆ ಹೊರೆಯುವ ನಮ್ಮಂಥವರು ಈ ಪ್ರಸಂಗವನ್ನು ಆಗಾಗ ನೆನೆದುಕೊಳ್ಳುವುದು ಒಳ್ಳೆಯದು. ಪಂಡಿತನ ಬೈಗುಳವನ್ನು ಮೀರಿ ಆ ಪುಸ್ತಕ ಬದುಕಿತು. ಅದನ್ನು ಓದಬಲ್ಲ ಮಕ್ಕಳು ಶಾಲೆಗಳಲ್ಲಿ ತಯಾರಾಗುತ್ತಿದ್ದರು.

ಇನ್ನು ಕಡಲಾಚೆಯ ಕಥೆ. 1860ರ ದಶಕದಿಂದ ಮುಂದಿನ ಅರುವತ್ತು ಎಪ್ಪತ್ತು ವರ್ಷಗಳಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಫಿನ್ನರು ಉತ್ತರ ಅಮೆರಿಕಕ್ಕೆ ಹೋದರು. ಮಿಷಿಗನ್ನಿನ ತಾಮ್ರದ ಗಣಿ, ಮಿನೆಸೋಟದ ಕಬ್ಬಿಣದ ಗಣಿಗಳಲ್ಲಿ ದುಡಿದರು. ಇವರು ಭಾಷೆಯನ್ನು ಹಡಗಿನಲ್ಲೇ ಬಿಟ್ಟು ಇಳಿದವರಲ್ಲ. 1896ರಲ್ಲಿ ಹ್ಯಾನ್‌ಕಾಕ್ ಪಟ್ಟಣದಲ್ಲಿ ಸುವೋಮಿ ಕಾಲೇಜನ್ನು ಕಟ್ಟಿದರು. ಚರ್ಚಿನ ಕಡೆಯವರಿಗೆ ‘ಅಮೆರಿಕನ್ ಸುವೊಮೆತರ್’ ಪತ್ರಿಕೆ, ಸಮಾಜವಾದಿಗಳಿಗೆ ‘ತ್ಯುಒಮಿಯೆಸ್’. ಊರೂರಿಗೆ ಸಭಾಭವನಗಳು, ಅಲ್ಲಿ ನಾಟಕ, ವಾಚನಾಲಯ, ಮುಷ್ಕರದ ಭಾಷಣ. ಜೊತೆಗೆ ಸಹಕಾರ ಸಂಘದ ಅಂಗಡಿಗಳು. ಪಾದ್ರಿಯೂ ಸಮಾಜವಾದಿಯೂ ಒಬ್ಬರನ್ನೊಬ್ಬರು ಬೈದುಕೊಂಡದ್ದು ಫಿನ್ನಿಷಿನಲ್ಲಿಯೇ. ಇಂಗ್ಲಿಷಿನ ‘ಕಾರ್’ ಅವರ ಬಾಯಲ್ಲಿ ‘ಕಾರ’ ಆಯಿತು, ‘ಹಾಲ್’ ‘ಹಾಲಿ’ಯಾಯಿತು. ಕಲಬೆರಕೆ ಎಂದು ನಕ್ಕವರಿದ್ದಾರೆ. ನಗುವುದೇಕೆ? ಬದುಕಿರುವ ಭಾಷೆಯೇ ಸಾಲ ಮಾಡುವುದು. ಸತ್ತದ್ದಕ್ಕೆ ಸಾಲ ಹುಟ್ಟುವುದಿಲ್ಲ.

ಮುಂದೆ 1924ರ ವಲಸೆ ಕಾಯಿದೆಯಿಂದ ಹೊಸಬರ ಬರವು ಬತ್ತಿತು. ಮಕ್ಕಳು ಇಂಗ್ಲಿಷ್ ಶಾಲೆಗೆ ಹೋದರು. ‘ಸುವೊಮೆತರ್’ 1962ರಲ್ಲಿ ನಿಂತಿತು, ‘ತ್ಯುಒಮಿಯೆಸ್’ನ ಉತ್ತರಾಧಿಕಾರಿ ಪತ್ರಿಕೆ 1998ರಲ್ಲಿ. ಫಿನ್ಲಾಂಡಿಯ ವಿಶ್ವವಿದ್ಯಾಲಯವೆಂದು ಹೆಸರು ಬದಲಿಸಿಕೊಂಡಿದ್ದ ಆ ಕಾಲೇಜು ಕೂಡ 2023ರಲ್ಲಿ ಬಾಗಿಲು ಮುಚ್ಚಿತು.

ಉಳಿದದ್ದೇನು? ಸಂತ ಉರ್ಹೋನ ಹಬ್ಬ. 1956ರಲ್ಲಿ ಮಿನೆಸೋಟದ ಒಂದು ಅಂಗಡಿಯಲ್ಲಿ ತಮಾಷೆಗಾಗಿ ಹುಟ್ಟಿಸಿದ ಸಂತನೀತ. ಫಿನ್ಲೆಂಡಿನ ದ್ರಾಕ್ಷಿತೋಟದಿಂದ ಮಿಡತೆಗಳನ್ನು ಓಡಿಸಿದನಂತೆ! ಐರಿಷರ ಸಂತ ಪ್ಯಾಟ್ರಿಕನ ಹಬ್ಬಕ್ಕೆ ಒಂದು ದಿನ ಮುಂಚೆ, ಮಾರ್ಚ್ 16ರಂದು, ಇವನ ಮೆರವಣಿಗೆ. ಈ ನಗೆಯ ಬಗ್ಗೆ ನನಗೆ ಮುನಿಸಿಲ್ಲ. ಹಬ್ಬ ಹೊಸದೆಂಬುದೂ ದೋಷವಲ್ಲ. ಲ್ಯೋನ್ರೊಟ್ಟನೂ ಬಿಡಿ ಹಾಡುಗಳನ್ನು ಹೆಣೆದು ಹೊಸದನ್ನೇ ಮಾಡಿದ. ಆದರೆ ಅವನು ಮಾಡಿದ್ದನ್ನು ಓದಲು ಫಿನ್ನಿಷ್ ಬೇಕಾಗಿತ್ತು. ಉರ್ಹೋನನ್ನು ಮೆರೆಸಲು ಹಸಿರು, ನೇರಿಳೆ ಬಟ್ಟೆ ಸಾಕು. ಉತ್ಸವಮೂರ್ತಿಗೆ ಅಲಂಕಾರ ಮಾಡಿ ಗರ್ಭಗುಡಿಯ ದೀಪಕ್ಕೆ ಎಣ್ಣೆ ಹಾಕದಿದ್ದರೆ ಹೇಗೆ?

‘ಸೌನಾ ಉಳಿದಿದೆಯಲ್ಲ’ ಎನ್ನಬಹುದು. ನಿಜ, ಫಿನ್ಲೆಂಡಿನ ಈ ಆವಿಸ್ನಾನವನ್ನು 2020ರಲ್ಲಿ ಯುನೆಸ್ಕೋ ಕೂಡ ತನ್ನ ಪಟ್ಟಿಗೆ ಸೇರಿಸಿತು. ಕಾದ ಕಲ್ಲಿನ ಮೇಲೆ ನೀರೆರಚಿದಾಗ ಏಳುವ ಆವಿಗೆ ಫಿನ್ನಿಷಿನಲ್ಲಿ ‘ಲೊಯ್ಲು’ ಎಂದು ಹೆಸರು. ಅದರ ಹಳೆಯ ಅರ್ಥ ಉಸಿರು, ಪ್ರಾಣ. ಮಾತು ಮರೆತವನಿಗೂ ಮೈ ಬೆವರುತ್ತದೆ. ಆದರೆ ಅವನ ಪಾಲಿಗೆ ಅದು ಬರಿಯ ಆವಿ.

ಫಿನ್ನಿಷ್ ವಿದ್ವಾಂಸರಿಗೆ ಈ ಮರ್ಮ ತಿಳಿದಿತ್ತೆಂಬುದಕ್ಕೆ ಸಾಕ್ಷಿ ನಮ್ಮ ನಾಡಿನಲ್ಲೇ ಇದೆ. 1990ರಲ್ಲಿ ಲೌರಿ ಹೊಂಕೊ ಬೆಳ್ತಂಗಡಿ ತಾಲ್ಲೂಕಿನ ಮಾಚಾರಿಗೆ ಬಂದು, ವಿವೇಕ ರೈ, ಚಿನ್ನಪ್ಪ ಗೌಡರೊಡನೆ ಕೂಡಿ, ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ದಾಖಲಿಸಿದರು. 1998ರಲ್ಲಿ ಅಚ್ಚಾದ ಆ ಕಾವ್ಯದ ಉದ್ದ 15,683 ಸಾಲು. ಸಿರಿಯ ಜಾತ್ರೆಯ ಚಿತ್ರ ತೆಗೆದುಕೊಂಡು ಅವರು ಹಿಂತಿರುಗಬಹುದಿತ್ತು. ಹಾಗೆ ಮಾಡದೆ ತುಳುವಿನ ಒಂದೊಂದು ಸಾಲನ್ನೂ ತುಳುವಿನಲ್ಲಿಯೇ ಉಳಿಸಿದರು.

ಆದ್ದರಿಂದ ಭಾಷೆ ಬೇಡ, ಸಂಸ್ಕೃತಿ ಸಾಕು ಎನ್ನುವವರನ್ನು ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಅಜ್ಜ ಊರಿಗೆ ಬರೆದ ಕಾಗದವನ್ನು, ಅಜ್ಜಿ ಓದುತ್ತಿದ್ದ ಪತ್ರಿಕೆಯನ್ನು ಮೊಮ್ಮಗ ಮತ್ತೊಬ್ಬರಿಂದ ಓದಿಸಿಕೊಳ್ಳಬೇಕಾದರೆ ಅವನಿಗೆ ಬಂದ ಆಸ್ತಿ ಯಾವುದು? ಪೆಟ್ಟಿಗೆ ಬಂದಿದೆ, ಬೀಗದ ಕೈ ಬಂದಿಲ್ಲ. ಮೆರವಣಿಗೆಗೆ ಚಂದಾ ಎತ್ತುವಾಗ ಅದರಲ್ಲಿ ಅರ್ಧವನ್ನು ಮಕ್ಕಳಿಗೆ ಫಿನ್ನಿಷ್ ಕಲಿಸುವ ಒಬ್ಬ ಮೇಷ್ಟರ ಸಂಬಳಕ್ಕೆ ತೆಗೆದಿಡಲಿ. ಹಬ್ಬ ತುಸು ಸಣ್ಣದಾದರೂ ಚಿಂತೆಯಿಲ್ಲ.