ಸೊಂಟದ ಕತ್ತಿ, ಚೀಲದ ಚೀಟಿ

ನಮ್ಮ ಅಜ್ಜಂದಿರು ಸೊಂಟದಲ್ಲಿ ಪೀಶಕತ್ತಿ, ತಲೆಗೆ ಮುಟ್ಟಾಳೆ ಇಲ್ಲದೆ ತೋಟಕ್ಕಿಳಿದವರಲ್ಲ. ಕತ್ತಲಾದರೆ ಒಣಮಡಲಿನ ಸೂಟೆಯೇ ದಾರಿದೀಪ. ಇಂದಿನವರ ಕೈಯಲ್ಲಿ ಮೊಬೈಲೊಂದೇ. ಕರೆಂಟು ಹೋಗಿ ಎರಡು ದಿನವಾದರೆ ಅದೂ ಮೂಕ.

2018ರ ನೆರೆಯನ್ನೂ 2024ರ ಜುಲೈ 30ರ ವಯನಾಡಿನ ಭೂಕುಸಿತವನ್ನೂ ಕಂಡ ಮೇಲಾದರೂ ಪ್ರತಿ ಮನೆಯಲ್ಲಿ ಒಂದು ಚೀಲ ಸಿದ್ಧವಿರಬೇಡವೇ? ಟಾರ್ಚು, ಬೆಂಕಿಪೆಟ್ಟಿಗೆ, ಹಗ್ಗ, ಕತ್ತಿ, ನಿತ್ಯದ ಔಷಧಿ ಅದರಲ್ಲಿರಲಿ. ಕನ್ನಡಿಗರಾದ ನಾವು ಇನ್ನೊಂದನ್ನು ಸೇರಿಸಬೇಕು: ಹೆಸರು, ಕಾಯಿಲೆ, ಔಷಧಿಗಳನ್ನು ಮಲಯಾಳದಲ್ಲೂ ಬರೆದ ಚೀಟಿ. ಕನ್ನಡವೊಂದನ್ನೇ ಬಲ್ಲ ಅಜ್ಜಿಯ ಪರವಾಗಿ ಅದು ಮಾತನಾಡೀತು.

ಎಚ್ಚರಿಕೆಗಳು ಕನ್ನಡದಲ್ಲೂ ಬರಬೇಕೆಂಬ ನಮ್ಮ ಬೇಡಿಕೆ ನ್ಯಾಯವಾದುದೇ, ಅದನ್ನು ಬಿಡತಕ್ಕದ್ದಲ್ಲ. ಆದರೆ ಮಳೆಯು ಸರಕಾರದ ಆಜ್ಞೆಗೆ ಕಾಯುವುದಿಲ್ಲ. ಹೆತ್ತವರೇ, ಕತ್ತಿ ಹಿಡಿಯುವುದನ್ನೂ ಹಗ್ಗಕ್ಕೆ ಗಂಟು ಹಾಕುವುದನ್ನೂ ಬಾವಿಯಿಂದ ನೀರು ಸೇದುವುದನ್ನೂ ಮಕ್ಕಳಿಗೆ ಈ ರಜೆಯಲ್ಲೇ ಕಲಿಸಿರಿ.